ಗ್ಯಾರೇಜಿಗೆ ಹಾಕ್ತೀನಿ

"ನೀನು ಮೆಕ್ಯಾನಿಕಲ್ ಇಂಜಿನಿಯರ್ ಅಲ್ವಾ? ಈ ನಾಲ್ಕು ಬೋಲ್ಟ್ ಟೈಟ್ ಮಾಡ್ತಿರು, ಕಾಫಿ ತರ್ತೀನಿ."

ಇಷ್ಟು ಹೇಳಿ ಪಕ್ಕದ ಮನೆ ಅಜ್ಜ ಟಾರ್ಕ್ ವ್ರೆಂಚನ್ನು ನನ್ನ ಕೈಗಿಟ್ಟು ಒಳಗೆ ಹೋದ. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಷ್ಟು ಬಿಗಿ ಅಂತ ಎಲ್ಲಿ ಸೆಟ್ ಮಾಡೋದು? ಗೊತ್ತಾಗಲಿಲ್ಲ. ಅವನು ಎರಡು ಕಪ್ ಹಿಡಿದು ವಾಪಸ್ ಬಂದಾಗಲೂ ಹಾಗೇ ನಿಂತಿದ್ದೆ. ಅಜ್ಜ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಹಿಡಿಯ ತುದಿ ತಿರುಗಿಸು. ಟಕ್ ಅಂದ ಕೂಡಲೇ ನಿಲ್ಲಿಸು" ಅಂತ ಒಂದನೇ ಕ್ಲಾಸಿನ ಹುಡುಗನಿಗೆ ಹೇಳಿದ ಹಾಗೆ ಹೇಳಿಕೊಟ್ಟ.

ಇದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಹತ್ತಿರದ ಊರು. ಅಜ್ಜ ಜೀವನವೆಲ್ಲ ಸ್ಕೂಲ್ ಬಸ್ ಓಡಿಸಿದವನು, ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಇಲ್ಲಿ ಹೆಸರು ಹಿಡಿದೇ ಕರೆಯಬೇಕು. ನನಗೆ ಬಾಯಿ ಬರಲ್ಲ, ಮನಸ್ಸಿನಲ್ಲಿ ಅಜ್ಜ ಅಂದುಕೊಳ್ತೀನಿ. ಅವನ ಹತ್ತಿರ 2003ರ ಷೆವರ್ಲೆ ಸಿಲ್ವೆರಾಡೊ ಪಿಕಪ್ ಇದೆ. 5.3 ಲೀಟರಿನ ವಿ8 ಇಂಜಿನ್. ಅದಕ್ಕೆ ಟರ್ಬೊ ಕೂರಿಸುತ್ತಿದ್ದ, ಅಂದರೆ ಇಂಜಿನ್ ಬಿಡೋ ಹೊಗೆಯ ಬಲದಿಂದಲೇ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬೋ ಯಂತ್ರ. ರೆಡಿ ಕಿಟ್ ತಂದು ಅಲ್ಲ, ಪೈಪು ಕತ್ತರಿಸಿ ತಾನೇ ವೆಲ್ಡ್ ಮಾಡಿ.

ನಾನು ಶಿವಮೊಗ್ಗದವನು. ವಿಟಿಯುನಲ್ಲಿ ಮೆಕ್ಯಾನಿಕಲ್ ಮಾಡಿದ್ದೀನಿ. ಟರ್ಬೊಮಷಿನ್ಸ್ ಅಂತ ಒಂದು ಪೇಪರೇ ಇತ್ತು. ವೆಲಾಸಿಟಿ ಟ್ರಯಾಂಗಲ್ ಬರೆದೂ ಬರೆದೂ ಪೆನ್ಸಿಲ್ ಸವೆದಿತ್ತು, ಒಳ್ಳೆ ಮಾರ್ಕ್ಸೂ ಬಂತು. ಆದರೆ ಒಂದು ಟರ್ಬೊವನ್ನು ಕೈಯಲ್ಲಿ ಹಿಡಿದು, ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿದ್ದು ಮೊದಲ ಸಲ ಈ ಅಜ್ಜನ ಗ್ಯಾರೇಜಿನಲ್ಲಿ. ಬಸವನಹುಳುವಿನ ಚಿಪ್ಪಿನ ಥರ ಇತ್ತು, ಎಷ್ಟು ಹಗುರವಾಗಿ ತಿರುಗಿತು ಅಂತೀರಾ!

ನಮ್ಮ ಕಡೆ ಮಕ್ಕಳನ್ನು ಹೆದರಿಸೋ ಮಾತು ಯಾವುದು ಹೇಳಿ? "ಓದಲಿಲ್ಲ ಅಂದ್ರೆ ಗ್ಯಾರೇಜಿಗೆ ಹಾಕ್ತೀನಿ." ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಆಯುಧಪೂಜೆ ದಿನ ಮಾರುತಿ 800 ತೊಳೆದು, ಹಾರ ಹಾಕಿ, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಿದ್ದೆವು. ಸ್ಪ್ಯಾನರಿಗೂ ಕುಂಕುಮ ಬೀಳ್ತಿತ್ತು. ಆಮೇಲೆ ಅದು ಹಾಗೇ ಡಬ್ಬಿಗೆ, ಮುಂದಿನ ವರ್ಷದ ತನಕ. ಬಾನೆಟ್ ಎತ್ತೋದು ಗ್ಯಾರೇಜ್ ಸಾಬ್ರ ಕೆಲಸ. ನಾನು ಇಂಜಿನಿಯರಿಂಗ್ ಸೇರಿದ್ದೇ ಒಂಥರಾ ಗ್ಯಾರೇಜಿನಿಂದ ತಪ್ಪಿಸಿಕೊಳ್ಳೋಕೆ ಅಂತ ಈಗ ಅನ್ನಿಸುತ್ತದೆ.

ಇಲ್ಲಿ ಗ್ಯಾರೇಜು ಅಂದರೆ ಅಜ್ಜನಿಗೆ ದೇವರಮನೆ. ಮೂರು ಸಂಜೆ ಅವನು ಪಿಸ್ಟನ್ ರಿಂಗ್ ಉಜ್ಜಿದ. ಪಿಸ್ಟನ್ನಿನ ಸುತ್ತ ಕೂರೋ, ಒಂದು ಕಡೆ ಸೀಳಿರೋ ಬಳೆ ಅದು. ಎಂಟು ಸಿಲಿಂಡರ್, ಒಂದೊಂದಕ್ಕೆ ಎರಡು ಕಂಪ್ರೆಷನ್ ರಿಂಗು, ಒಟ್ಟು ಹದಿನಾರು. ರಿಂಗಿನ ತುದಿಯನ್ನು ಒಂಚೂರು ಉಜ್ಜೋದು, ಸಿಲಿಂಡರಿಗೆ ಇಳಿಸೋದು, ತುದಿಗಳ ಸಂದಿಗೆ ಫೀಲರ್ ಗೇಜ್ ಅನ್ನೋ ಅಳತೆಯ ತೆಳು ಪಟ್ಟಿ ತೂರಿಸಿ ನೋಡೋದು, ಮತ್ತೆ ಹೊರಗೆ ತೆಗೆಯೋದು. ಟರ್ಬೊ ಬಂದರೆ ಒಳಗೆ ಕಾವು ಜಾಸ್ತಿ. ರಿಂಗು ಹಿಗ್ಗಿ ಎರಡು ತುದಿ ಒಂದಕ್ಕೊಂದು ಗುದ್ದಿದರೆ ಪಿಸ್ಟನ್ನಿನ ತಲೆಯೇ ಒಡೆಯುತ್ತದಂತೆ. ಇಂಜಿನ್ನಿನ ಹೊಗೆ ಹೊರಬರೋ ಕೊಳವೆಗಳನ್ನು, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳನ್ನು ಹಿಂದುಮುಂದು ತಿರುಗಿಸಿ ಕೂರಿಸಿದ, ಹೊಗೆ ಮುಂದಕ್ಕೆ ಬಂದು ಟರ್ಬೊ ಸೇರಲಿ ಅಂತ. ಹಿಂಡಿದ ಗಾಳಿ ಬಿಸಿಯಾಗುತ್ತಲ್ಲ, ಅದನ್ನು ತಣಿಸೋಕೆ ರೇಡಿಯೇಟರ್ ಮುಂದೆ ಇಂಟರ್‌ಕೂಲರ್. ಟರ್ಬೊದ ಒತ್ತಡ 8 ಪಿಎಸ್‌ಐ (ಟೈರಿಗೆ ಗಾಳಿ ಹಾಕಿಸುವಾಗ ಹೇಳೋ ಅದೇ ಅಳತೆ) ಸಾಕು ಅಂದ. ಹೊರಗಿನ ಗಾಳಿಯ ಒತ್ತಡವೇ 14.7, ಅದರ ಮೇಲೆ ಎಂಟು ಅಂದರೆ ಲೆಕ್ಕಕ್ಕೆ ಅರ್ಧಕ್ಕಿಂತ ಹೆಚ್ಚು ಗಾಳಿ ಜಾಸ್ತಿ ಹೋದ ಹಾಗೆ. ಪೆಟ್ರೋಲೂ ಅಷ್ಟೇ ಜಾಸ್ತಿ ಕೊಡಬೇಕು, ಇಲ್ಲದಿದ್ದರೆ ಇಂಜಿನ್ ಸುಡುತ್ತದೆ. ಈ ಲೆಕ್ಕ ನನಗೂ ಬರುತ್ತಿತ್ತು. ಉಜ್ಜೋದು ಬರುತ್ತಿರಲಿಲ್ಲ.

ನಮ್ಮ ಕಡೆ ಇದೆಲ್ಲ ಮಾಡಿದರೆ ಆರ್‌ಟಿಒ ಬಿಡಲ್ಲ ಅನ್ನಬಹುದು. ನಿಜ, ಗಾಡಿಯನ್ನು ಬೇಕಾದ ಹಾಗೆ ಬದಲಾಯಿಸೋದನ್ನು ತಡೆಯೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಇಲ್ಲೂ ಹೊಗೆಯ ಕಾನೂನು ಇದೆ. ಕ್ಯಾಲಿಫೋರ್ನಿಯಾ ಆಗಿದ್ದರೆ ಅಜ್ಜನ ಗಾಡಿ ಸ್ಮಾಗ್ ಪರೀಕ್ಷೆಯಲ್ಲೇ ಡುಮ್ಕಿ. ನಾನು ಹೇಳ್ತಿರೋದು ಕಾನೂನಿನ ವಿಷಯ ಅಲ್ಲ. ಕೈಗೆ ಗ್ರೀಸ್ ಹತ್ತಿದರೆ ಮರ್ಯಾದೆ ಹೋಯ್ತು ಅಂದುಕೊಳ್ಳುವ ನಮ್ಮ ಬುದ್ಧಿಯ ವಿಷಯ.

ಹಾಗಂತ ಸುಮ್ನೆ ಹೊಗಳೋದೂ ತಪ್ಪು. ಇಲ್ಲಿ ಮೆಕ್ಯಾನಿಕ್ಕಿನ ಕೂಲಿ ಕೇಳಿದರೆ ಎದೆ ಒಡೆಯುತ್ತದೆ, ತಾವೇ ಮಾಡಿಕೊಳ್ಳದೆ ಗತಿಯಿಲ್ಲ. ಪೈಪು ಜೋಡಿಸೋ ಒಂದು ಫ್ಲಾಂಜಿಗೆ ಅಜ್ಜ ಮೂರು ವಾರ ಕಾದ. ಶಿವಮೊಗ್ಗದಲ್ಲಾದರೆ ಲೇತ್ ಅಂಗಡಿಗೆ ಹೋಗಿ, ಚಾ ಕುಡಿಯೋದರೊಳಗೆ ಕಡೆಸಿಕೊಂಡು ಬರಬಹುದಿತ್ತು. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಹೇಳೋಕೆ ಅಷ್ಟು ಮನಸ್ಸಿರಲಿಲ್ಲ.

ಗಾಡಿ ಸ್ಟಾರ್ಟ್ ಆದ ಎರಡನೇ ದಿನ ನೀಲಿ ಹೊಗೆ, ಅಂದರೆ ಎಲ್ಲೋ ಆಯಿಲ್ ಸುಡುತ್ತಿದೆ. ನಿಂತಲ್ಲೇ ಓಡುತ್ತಿದ್ದರೆ ಬುಸುಬುಸು ಹೊಗೆ, ಓಡಿಸಿದರೆ ಕಡಿಮೆ. ಅಜ್ಜ ಎರಡು ದಿನ ತಲೆ ಕೆಡಿಸಿಕೊಂಡ. ಹೊಸ ಟರ್ಬೊದಲ್ಲಿ ಆಯಿಲ್ ಸೋರದ ಹಾಗೆ ತಡೆಯೋ ಸೀಲ್ ಹೋಗಿದೆ ಅಂದ. ನಾನು ಗಾಡಿಯ ಕೆಳಗೆ ಮಲಗಿ ವಿಡಿಯೋ ಮಾಡಿ ಊರಿನ ಸಾಬ್ರಿಗೆ ಕಳಿಸಿದೆ. ಲಾರಿಗಳ ಟರ್ಬೊ ಬಿಚ್ಚಿ ಬಿಚ್ಚಿ ಹಣ್ಣಾದವರು. ಹತ್ತು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು: "ಸೀಲ್ ಏನೂ ಹೋಗಿಲ್ಲ ಮಗಾ. ಆಯಿಲ್ ವಾಪಸ್ ಹೋಗೋ ಪೈಪ್ ನೋಡು, ನಡುವೆ ಜೋತುಬಿದ್ದಿದೆ. ಅದು ತಾನಾಗೇ ಇಳಿದು ಹೋಗ್ಬೇಕು. ಯಾರೂ ದಬ್ಬಲ್ಲ ಅದನ್ನ."

ಅಜ್ಜ ಪೈಪು ಗಿಡ್ಡ ಮಾಡಿ, ನೆಟ್ಟಗೆ ಇಳಿಯುವ ಹಾಗೆ ಕೂರಿಸಿದ. ಹೊಗೆ ನಿಂತಿತು.

ಸಾಬ್ರ ಬಗ್ಗೆ ಬಹಳ ಹೊತ್ತು ಕೇಳಿದ. ಇಷ್ಟೆಲ್ಲ ಗೊತ್ತಿರುವವರು ಮಗನಿಗೂ ಕಲಿಸಿರಬೇಕಲ್ಲ ಅಂದ. ಮಗ ಇಂಜಿನಿಯರಿಂಗ್ ಓದ್ತಿದ್ದಾನೆ ಅಂದೆ. ಅವನನ್ನು ಗ್ಯಾರೇಜಿನ ಹತ್ತಿರ ಸುಳಿಯೋಕೂ ಸಾಬ್ರು ಬಿಡಲ್ಲ ಅನ್ನೋದನ್ನು ಮಾತ್ರ ಹೇಳಲಿಲ್ಲ.