ಹಸಿ ಸೌದೆಗೆ ತಕ್ಕಡಿ ಬೇಡ

ಸೌದೆ ಎಂದರೆ ತೂಕ ಹಾಕಿಸಿ ತರುವುದು ಎಂದೇ ನನಗೆ ಗೊತ್ತಿದ್ದದ್ದು. ಕರ್ನಾಟಕ ಬಿಟ್ಟು ಚಳಿಯ ಸೀಮೆಗೆ ಬಂದು, ಮನೆ ಬೆಚ್ಚಗಿಡಲು ಸಾಮಿಲ್ಲಿನ ಅಗ್ಗದ ಚೆಕ್ಕೆ ಕೊಳ್ಳಲು ಹೋದರೆ ಅಲ್ಲಿ ತಕ್ಕಡಿಯೇ ಇಲ್ಲ. ಪಟ್ಟಿ ಬಿಗಿದ ಕಟ್ಟುಗಳು. ಉದ್ದ, ಅಗಲ, ಎತ್ತರ ಅಳೆದು ದರ. ಸಂದಿನಲ್ಲಿರುವ ಗಾಳಿಗೂ ದುಡ್ಡು ಕೊಡಬೇಕೇ ಎಂದು ಸಿಟ್ಟು ಬಂದಿತ್ತು. ಈಗ ಹಸಿ ಸೌದೆಯನ್ನು ಅಳತೆಗೇ ಕೊಳ್ಳಬೇಕು ಅನ್ನುತ್ತೇನೆ.

ದಿಮ್ಮಿಯನ್ನು ಚೌಕ ಮಾಡುವಾಗ ಬದಿಗಳಿಂದ ಕಳಚಿ ಬೀಳುವುದೇ ಈ ಚೆಕ್ಕೆ. ಒಂದು ಮೈ ತೊಗಟೆ, ಇನ್ನೊಂದು ಮೈ ಗರಗಸ ಎಳೆದದ್ದು. ಆಗಷ್ಟೇ ಕೊಯ್ದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ 1,000 ಕೆಜಿ ತಂದು, ತೇವ ಶೇ 20ಕ್ಕೆ ಇಳಿಯುವವರೆಗೆ ಒಣಗಿಸಿ ತೂಗಿದರೆ 625 ಕೆಜಿ ಸಿಗುತ್ತದೆ. ಮಿಕ್ಕ 375 ಕೆಜಿಗೆ ಕೊಟ್ಟ ಹಣ ನೀರಿಗೆ ಕೊಟ್ಟದ್ದು. ಅಳತೆಯಲ್ಲಿ ಈ ಪೆಟ್ಟಿಲ್ಲ, ಮರ ಒಣಗಿದಾಗ ಕುಗ್ಗುವುದು ಸ್ವಲ್ಪವೇ. ಚೆನ್ನಾಗಿ ಒಣಗಿದ ಸೌದೆಯಾದರೆ ನಮ್ಮ ತಕ್ಕಡಿಯೇ ಮೇಲು: ಯಾವ ಜಾತಿಯ ಮರವಾದರೂ ಕಿಲೋಗೆ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಅಳತೆಗೆ ಕೊಳ್ಳುವಾಗ ಮಾತ್ರ ಕಟ್ಟಿನ ತುದಿಗೆ ಹೋಗಿ ನಿಂತು ನೋಡಬೇಕು. ಸೊಟ್ಟ ಚೆಕ್ಕೆಗಳಿದ್ದರೆ ಸಂದು ಜಾಸ್ತಿ, ಮರ ಕಡಿಮೆ.

ಬೇಕೆಂದಾಗ ತಂದು ಉರಿಸುವುದು ನನ್ನ ಹಳೆಯ ರೂಢಿ. ಮೊದಲ ಚಳಿಗಾಲದಲ್ಲಿ ಹಾಗೇ ಮಾಡಿದೆ. ಒಲೆಯೊಳಗಿಟ್ಟ ಚೆಕ್ಕೆಯ ತುದಿಯಿಂದ ಸುಯ್ಯೆನ್ನುತ್ತಾ ನೊರೆ ಉಕ್ಕುತ್ತಿತ್ತು. ಒಲೆಯ ಬಾಗಿಲಿನ ಗಾಜು ಒಂದೇ ಸಂಜೆಗೆ ಕಪ್ಪಾಯಿತು, ಕೋಣೆ ತಣ್ಣಗೇ ಉಳಿಯಿತು. ಉರಿಯ ಕಾವಿನಲ್ಲಿ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತಿತ್ತು. ಅದಕ್ಕಿಂತ ಭಯ ಹೊಗೆಕೊಳವೆಯದು. ಹಸಿ ಸೌದೆಯ ಹೊಗೆ ಅದರೊಳಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಆ ಅಂಟಿಗೆ ಬೆಂಕಿ ಹತ್ತಿದರೆ ಮನೆಗೇ ಅಪಾಯ.

ಇಲ್ಲಿನವರು ಬರುವ ವರ್ಷದ ಸೌದೆಯನ್ನು ಈ ವರ್ಷವೇ ಒಟ್ಟುತ್ತಾರೆ. ಈ ಪದ್ಧತಿ ನನಗೆ ಮನಸಾರೆ ಒಪ್ಪಿಗೆಯಾಗಿದೆ. ತೆಳು ಚೆಕ್ಕೆಗೆ ಬಿಸಿಲು ಗಾಳಿ ಇರುವ ಒಂದು ಬೇಸಿಗೆ ಸಾಕು. ನೆಲಕ್ಕೆ ತಾಗದಂತೆ ಅಡಿಗೆ ಮರ ಕೊಟ್ಟು ಒಟ್ಟಬೇಕು, ಮೇಲೆ ಮಾತ್ರ ಹೊದಿಸಿ ಬದಿಗಳನ್ನು ಗಾಳಿಗೆ ಬಿಡಬೇಕು. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೇ ಬೂಸಲು ಹಿಡಿಯುತ್ತದೆ.

ಚೆಕ್ಕೆಗೆ ಅದರದೇ ಗುಣವಿದೆ. ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ, ತೊಗಟೆ ಹೆಚ್ಚಿರುವುದರಿಂದ ಬೂದಿಯೂ ಜಾಸ್ತಿ. ರಾತ್ರಿಯಿಡೀ ಕೆಂಡ ಉಳಿಯಬೇಕಾದರೆ ದಪ್ಪ ಕೊರಡನ್ನೇ ಇಡಬೇಕು. ಅಗ್ಗವೆಂದು ಒಲೆಯ ತುಂಬ ಒಣ ಚೆಕ್ಕೆ ತುರುಕಿದರೆ ಕಬ್ಬಿಣ ಕೆಂಪಾಗುವಷ್ಟು ಕಾಯುತ್ತದೆ, ಆದ್ದರಿಂದ ಎರಡು ಮೂರೇ ಹಾಕಿ.

ಪೀಠೋಪಕರಣ ಮಾಡುವಲ್ಲಿ ಸಿಗುವ ತುಂಡುಗಳು ಸಾಮಾನ್ಯವಾಗಿ ಮೊದಲೇ ಕಾವಿನ ಗೂಡಿನಲ್ಲಿ ಒಣಗಿಸಿದ ಮರದವು, ತಂದ ದಿನವೇ ಉರಿಸಬಹುದು. ಆದರೆ ಅವುಗಳ ನಡುವೆ ಪ್ಲೈವುಡ್, ಬಣ್ಣ ಬಳಿದದ್ದು, ಗೆದ್ದಲು ಹಿಡಿಯದಂತೆ ಔಷಧ ಕುಡಿಸಿದ ಮರ ಸೇರಿರಬಹುದು. ಅಂಥ ಒಂದು ತುಂಡೂ ಒಲೆಗೆ ಹೋಗಬಾರದು. ಔಷಧದ ಮರದಲ್ಲಿ ಆರ್ಸೆನಿಕ್ ಇದ್ದರೆ ಅದು ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ.

ಈಗ ಒಲೆಗೆ ಹಾಕುವ ಮುಂಚೆ ಎರಡು ಚೆಕ್ಕೆ ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿಯುತ್ತೇನೆ. ಠಣ್ ಎಂದರೆ ಒಳಕ್ಕೆ, ದಬ್ ಎಂದರೆ ಮತ್ತೆ ಒಟ್ಟಿಲಿಗೆ.