ಕೂಲಿಂಗ್ ಗ್ಲಾಸಿಗೊಂದು ನೆಪ

ನಮ್ಮ ಬಳ್ಳಾರಿಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬೀದಿಗೆ ಇಳಿದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ವಯಸ್ಸು ಐವತ್ತು ದಾಟಿದಂತೆ ಕಂಡರೆ, ‘ಆಪರೇಷನ್ ಆತೇನ್ರೀ?’ ದಾಟಿಲ್ಲ ಅನ್ನಿಸಿದರೆ, ‘ಕಣ್ಣು ಬಂದಾವೇನು?’ ಎರಡನೆಯದನ್ನು ಕೇಳುವವರು ಒಂದು ಹೆಜ್ಜೆ ಹಿಂದೆ ಸರಿದೇ ಕೇಳುತ್ತಾರೆ. ಬಿಸಿಲಿಗೆ ಅಂತ ಹಾಕಿಕೊಂಡಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಅದೂ ಎಂಥ ಊರಲ್ಲಿ? ವರ್ಷಕ್ಕೆ ಬೇಸಿಗೆ, ಕಡು ಬೇಸಿಗೆ ಅಂತ ಎರಡೇ ಕಾಲ ಎಂದು ನಮ್ಮನ್ನು ನಾವೇ ಆಡಿಕೊಳ್ಳುವ ಊರಲ್ಲಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೆ ಅದು ಇಲ್ಲಿ ಸುದ್ದಿಯೇ ಅಲ್ಲ. ತಲೆಗೆ ಟವಲ್ ಸುತ್ತುತ್ತೇವೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುತ್ತೇವೆ. ಚೊಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತೇವೆ. ಕಣ್ಣಿಗೆ ಮಾತ್ರ ಏನೂ ಇಲ್ಲ, ಸುಮ್ನೆ ಕಿರಿದು ಮಾಡಿಕೊಂಡು ನಡೆಯುವುದು. ಕಪ್ಪು ಕನ್ನಡಕ ಏನಿದ್ದರೂ ಸಿನಿಮಾ ಹೀರೋಗೆ, ಬಂದೋಬಸ್ತಿನ ಪೊಲೀಸರಿಗೆ, ಮೆರವಣಿಗೆಯ ಮದುಮಗನಿಗೆ, ಜಾತ್ರೆಯಲ್ಲಿ ಹಟ ಹಿಡಿದ ಮಗುವಿಗೆ. ಉಳಿದವರು ಹಾಕಿಕೊಂಡರೆ ಶೋಕಿ.

ನನಗೆ ಈ ಶೋಕಿ ದಕ್ಕಿದ್ದು ಗಾಲ್ಫ್‌ನಿಂದ.

ಬೆಂಗಳೂರಿನಲ್ಲಿರುವ ನನ್ನ ಷಡ್ಡಕ ಗಾಲ್ಫ್ ಆಡುತ್ತಾನೆ. ಹೊಸ ಕೋಲುಗಳನ್ನು ಕೊಂಡಾಗ ಹಳೆಯ ಚೀಲವನ್ನು ನಮ್ಮ ಮನೆಗೆ ಸಾಗಹಾಕಿದ. ಆಟಕ್ಕೆ 14 ಕೋಲು ಇಟ್ಟುಕೊಳ್ಳಬಹುದಂತೆ, ನನ್ನ ಪಾಲಿಗೆ ಬಂದದ್ದು ಏಳು. ಸಂಡೂರು ದಾರಿಯಲ್ಲಿ ಗೆಳೆಯನೊಬ್ಬನ ಹೊಲ ಇದೆ. ಶೇಂಗಾ ಕಿತ್ತ ಮೇಲೆ ಮಳೆ ಬರುವ ತನಕ ಖಾಲಿ. ಅಲ್ಲೇ ನಮ್ಮ ಗಾಲ್ಫ್ ಮೈದಾನ. ಹುಲ್ಲು? ಅದೊಂದನ್ನು ಕೇಳಬೇಡಿ. ನೀರಿಲ್ಲದ ದೇಶಗಳಲ್ಲಿ ಮರಳಿಗೆ ಎಣ್ಣೆ ಕಲಸಿ ಗಟ್ಟಿ ಮಾಡಿ, ಗುಂಡಿಯ ಸುತ್ತಲಿನ ಆ ಜಾಗಕ್ಕೆ ಗ್ರೀನ್ ಬದಲು ಬ್ರೌನ್ ಅಂತ ಹೆಸರಿಟ್ಟು ಆಡುತ್ತಾರೆ ಅಂತ ಷಡ್ಡಕನೇ ಧೈರ್ಯ ಹೇಳಿದ. ಚೆಂಡು ಬೀಳುವ ಗುಂಡಿಯ ಅಗಲ 108 ಮಿಲಿಮೀಟರ್ ಇರಬೇಕು ಅಂದಾಗ ಗೆಳೆಯ ಆ ಸಂಖ್ಯೆಗೇ ಕೈಮುಗಿದ. ಅಷ್ಟೇ ಅಗಲದ ಹಳೆಯ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯಿಂದ ಕಾಣೆಯಾಯಿತು.

ಗೆಳೆಯನಿಗೆ ಗಾಲ್ಫ್ ಹುಚ್ಚು ಹಿಡಿದದ್ದು ನನಗಿಂತ ಮೊದಲು. 2021ರ ಆಗಸ್ಟ್ 7ರ ಶನಿವಾರ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಆ ಬೆಳಿಗ್ಗೆ ಅವನು ಒಗ್ಗಾಣಿ ಮಿರ್ಚಿ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದ. ಕಡಿಮೆ ಅಂಕ ತೆಗೆದವರೇ ಗೆಲ್ಲುವುದು ಅಂತ ಅರ್ಥವಾಗುವ ಹೊತ್ತಿಗೆ ಮಿರ್ಚಿ ತಣ್ಣಗಾಗಿತ್ತು. ‘ಶಾಲ್ಯಾಗ ಈ ಲೆಕ್ಕ ಇದ್ದಿದ್ರೆ ನಾನೇ ಫಸ್ಟ್’ ಅಂದಿದ್ದ.

ಹೊಲದಲ್ಲಿ ಮೊದಲ ದಿನ ಹೊಡೆದ ಚೆಂಡು ಎತ್ತ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಮೇಲೆ ಸೂರ್ಯ, ಕೆಳಗೆ ಕಾದ ನೆಲ, ನಡುವೆ ತೆಂಗಿನ ಮಿಠಾಯಿಯಷ್ಟು ಬಿಳಿ ಚೆಂಡು. ಸಂಜೆ ತಲೆನೋವು ಬಂತು. ‘ಕೂಲಿಂಗ್ ಗ್ಲಾಸ್ ಇಲ್ಲದೆ ಯಾರಾದರೂ ಆಡ್ತಾರಾ?’ ಅಂತ ಷಡ್ಡಕ ಫೋನಿನಲ್ಲೇ ಗದರಿದ. ಕಣ್ಣಿಗೆ ಸುತ್ತಿಕೊಂಡಂಥ ಕಪ್ಪು ಕನ್ನಡಕ ಹಾಕಿಯೇ ಆಡುತ್ತಿದ್ದ ಡೇವಿಡ್ ಡುವಾಲ್ 2001ರ ಬ್ರಿಟಿಷ್ ಓಪನ್ ಗೆದ್ದ ಕತೆಯನ್ನೂ ಹೇಳಿದ. ನನಗೆ ಅಷ್ಟು ಸಾಕಿತ್ತು. ಮೂವತ್ತು ವರ್ಷ ಬಿಸಿಲಲ್ಲಿ ಸ್ಕೂಟರ್ ಓಡಿಸಿದಾಗ ಹುಟ್ಟದ ಧೈರ್ಯ ಅವತ್ತು ಹುಟ್ಟಿತು. ಯಾರಾದರೂ ಕೇಳಿದರೆ ಹೇಳುವುದಕ್ಕೆ ಒಂದು ಮಾತು ಸಿಕ್ಕಿತಲ್ಲ.

ಮೊದಲನೆಯದನ್ನು ರಸ್ತೆ ಬದಿಯ ಹಲಗೆಯ ಮೇಲೆ ಕೊಂಡೆ. 150 ರೂಪಾಯಿ. ದೊಡ್ಡ ಕಂಪನಿಯ ಹೆಸರೇ ಇತ್ತು, ಒಂದಕ್ಷರ ಮಾತ್ರ ಆಚೀಚೆ. ಎಷ್ಟು ಕಪ್ಪೆಂದರೆ ಹಗಲು ಹನ್ನೆರಡಕ್ಕೇ ಸಂಜೆಯಾದಂತೆ. ಕಪ್ಪಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಅಲ್ಲವಂತೆ. ಕತ್ತಲೆ ಅಂದುಕೊಂಡು ಕಣ್ಣಿನ ಪಾಪೆ ಅಗಲವಾಗುತ್ತದೆ. ಗಾಜಿಗೆ ನೇರಳಾತೀತ ಕಿರಣ ತಡೆಯುವ ಗುಣ ಇಲ್ಲದಿದ್ದರೆ, ಆ ಅಗಲವಾದ ಬಾಗಿಲಿನಿಂದ ಅದು ಇನ್ನೂ ಜಾಸ್ತಿ ಒಳಗೆ ಬರುತ್ತದೆ. ಏನೂ ಹಾಕದೆ ಕಣ್ಣು ಕಿರಿದು ಮಾಡಿಕೊಂಡು ನಡೆಯುತ್ತಿದ್ದದ್ದೇ ವಾಸಿ.

ಇದನ್ನು ಹೇಳಿಕೊಟ್ಟವನು ಬೆಂಗಳೂರು ರಸ್ತೆಯ ಕನ್ನಡಕದ ಅಂಗಡಿಯ ಹುಡುಗ. ಹೇಳಿದ್ದಷ್ಟೇ ಅಲ್ಲ, ತೋರಿಸಿದ. ಪುಟ್ಟ ನೇರಳೆ ಟಾರ್ಚನ್ನು ಒಂದು ನೋಟಿನ ಮೇಲೆ ಹಿಡಿದ. ನೋಟಿನಲ್ಲಿ ಅಡಗಿದ್ದ ಎಳೆಗಳು, ನಂಬರು ಎಲ್ಲ ಫಳಫಳ ಹೊಳೆದವು. ನಡುವೆ ನನ್ನ 150 ರೂಪಾಯಿಯ ಗಾಜು ಇಟ್ಟ. ಸ್ವಲ್ಪ ಮಂಕಾಯಿತು, ಆದರೂ ಹೊಳೆಯುತ್ತಲೇ ಇತ್ತು. ತನ್ನ ಅಂಗಡಿಯದನ್ನು ಇಟ್ಟ. ಅದು ಕಪ್ಪೇನೂ ಅಲ್ಲ, ತಿಳಿ ಚಹಾದ ಬಣ್ಣ. ಹೊಳಪು ದೀಪ ಆರಿಸಿದಂತೆ ನಿಂತುಹೋಯಿತು. ‘ಯುವಿ 400 ಸಾರ್’ ಅಂದ. 400 ನ್ಯಾನೊಮೀಟರ್ ತನಕದ ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಅಂತ ಅರ್ಥ. ಹಳೆಯ ಕನ್ನಡಕವನ್ನು ನಾನು ಮಾತಿಲ್ಲದೆ ಜೇಬಿಗೆ ಹಾಕಿಕೊಂಡೆ.

ಆಮೇಲೆ ಅವನು ಇನ್ನೊಂದು ಆಟ ತೋರಿಸಿದ. ಗಲ್ಲಾದ ಮೇಲೆ ಒಂದು ಕಾರ್ಡು. ಬರಿಗಣ್ಣಿಗೆ ಖಾಲಿ. ಪೋಲರೈಸ್ಡ್ ಗಾಜಿನಲ್ಲಿ ನೋಡಿದರೆ ಒಂದು ಮೀನು! ನೀರು, ಒದ್ದೆ ರಸ್ತೆ, ಕಾರಿನ ಬಾನೆಟ್ ಮೇಲಿಂದ ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಅಲುಗುತ್ತಾ ಬರುತ್ತದೆ. ಈ ಗಾಜು ಕಿಟಕಿಗೆ ಉದ್ದುದ್ದ ಸರಳು ಹಾಕಿದ ಹಾಗೆ, ಅಡ್ಡ ಬಂದದ್ದನ್ನು ಒಳಗೆ ಬಿಡುವುದಿಲ್ಲ. ಅಮೆರಿಕದ ಎಡ್ವಿನ್ ಲ್ಯಾಂಡ್ ಇಂಥ ಹಾಳೆಗೆ 1929ರಲ್ಲಿ ಪೇಟೆಂಟ್ ಅರ್ಜಿ ಹಾಕಿದಾಗ ಅವರ ತಲೆಯಲ್ಲಿ ಇದ್ದದ್ದು ಎದುರು ಬರುವ ಗಾಡಿಗಳ ಹೆಡ್‌ಲೈಟು. ಅದಿರು ಲಾರಿಗಳ ಎದುರು ರಾತ್ರಿ ಗಾಡಿ ಓಡಿಸಿದ ನಮ್ಮವರಿಗೆ ಆ ಕಷ್ಟ ವಿವರಿಸಿ ಹೇಳಬೇಕಿಲ್ಲ. ಮೀನು ನೋಡಿ ಮರುಳಾಗಿ 2,200 ರೂಪಾಯಿ ಕೊಟ್ಟು ಅದನ್ನೇ ತಂದೆ.

ತಂದ ಮೇಲೆ ಷಡ್ಡಕ ನಕ್ಕ. ಗಾಲ್ಫ್ ಆಡುವವರಲ್ಲಿ ಎಷ್ಟೋ ಜನ ಪೋಲರೈಸ್ಡ್ ಬೇಡ ಅನ್ನುತ್ತಾರಂತೆ. ಗುಂಡಿಯ ಹತ್ತಿರ ಚೆಂಡು ಉರುಳಿಸುವಾಗ ಅವರು ಹುಲ್ಲಿನ ಮಿಂಚು ನೋಡುತ್ತಾರೆ. ಹುಲ್ಲು ನಮ್ಮಿಂದ ಆಚೆಗೆ ಒರಗಿದ್ದರೆ ಹೊಳೆಯುತ್ತದೆ, ಚೆಂಡು ಓಡುತ್ತದೆ. ನಮ್ಮ ಕಡೆ ಒರಗಿದ್ದರೆ ಕಪ್ಪಗೆ ಕಾಣುತ್ತದೆ, ಚೆಂಡು ತಡೆಯುತ್ತದೆ. ಆ ಮಿಂಚನ್ನೇ ಗಾಜು ನುಂಗಿದರೆ? ‘ನಮ್ಮ ಹೊಲದಲ್ಲಿ ಹುಲ್ಲೇ ಇಲ್ಲವಲ್ಲ ಮಾರಾಯ’ ಅಂದೆ. ಅದಕ್ಕವನು ಉತ್ತರ ಕೊಡಲಿಲ್ಲ.

ನನಗೆ ಬಂದ ತೊಂದರೆ ಬೇರೆ. ಆ ಕನ್ನಡಕಕ್ಕೆ ಪವರ್ ಇರಲಿಲ್ಲ, ನನ್ನ ಕಣ್ಣಿಗೆ ಇತ್ತು. ಅದನ್ನು ಬಿಟ್ಟು ದಿನದ ಬೈಫೋಕಲ್ ಹಾಕಿಕೊಂಡು ನಿಂತರೆ ಇನ್ನೊಂದು ಫಜೀತಿ. ಗಾಲ್ಫ್‌ನಲ್ಲಿ ತಲೆ ತಗ್ಗಿಸಿ ಕಾಲ ಬುಡದ ಚೆಂಡನ್ನೇ ನೋಡಬೇಕು. ಬೈಫೋಕಲ್‌ನ ಕೆಳಭಾಗ ಇರುವುದು ಪೇಪರ್ ಓದಲಿಕ್ಕೆ. ಅದರಲ್ಲಿ ಚೆಂಡು ಊದಿದ ಪೂರಿಯ ಹಾಗೆ ದಪ್ಪಗೆ, ಮಸುಕು ಮಸುಕು. ಗೆರೆಯ ಮೇಲೆ ಕಣ್ಣು ಬಿದ್ದರೆ ಒಂದು ಮೇಲೆ, ಒಂದು ಕೆಳಗೆ, ಎರಡು ಚೆಂಡು. ನಾನು ಹೊಡೆದದ್ದು ಎರಡನ್ನೂ ಅಲ್ಲ, ನೆಲವನ್ನು. ಎದ್ದ ಕೆಂಪು ಧೂಳಿನಲ್ಲಿ ಗೆಳೆಯ ಕೆಮ್ಮಿದ್ದೇ ಕೆಮ್ಮಿದ್ದು. ‘ಬಿತ್ತನೆಗೆ ಇನ್ನೂ ಎರಡು ತಿಂಗಳೈತಿ, ಈಗಲೇ ಉಳುಮೆ ಬೇಡಪ್ಪಾ’ ಅಂದ.

ಮತ್ತೆ ಅದೇ ಅಂಗಡಿ, ಅದೇ ಹುಡುಗ. ಬರೀ ದೂರದ ಪವರ್ ಹಾಕಿಸಿ ಬಣ್ಣದ ಗಾಜು ಮಾಡಿಸಿಕೊಂಡೆ. ಬಣ್ಣ ಯಾವುದು ಅಂತ ಅರ್ಧ ಗಂಟೆ ಚರ್ಚೆ. ಹಸಿರು ಮೈದಾನಕ್ಕೆ ಕಂದು ಒಳ್ಳೆಯದು, ಬಿಳಿ ಚೆಂಡು ಎದ್ದು ಕಾಣುತ್ತದೆ. ನಮ್ಮ ನೆಲವೇ ಕೆಂಪು. ಕಂದು ಗಾಜು ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ ಕೋಟೆ ಗುಡ್ಡ ಒಲೆಯಲ್ಲಿ ಇಟ್ಟ ಹಂಚಿನಂತಿತ್ತು. ನೋಡಿಯೇ ಬಾಯಾರಿಕೆಯಾಯಿತು. ಬೂದು ಬಣ್ಣದ್ದು ಹಾಕಿಕೊಂಡೆ. ಗುಡ್ಡ ಗುಡ್ಡದ ಬಣ್ಣಕ್ಕೇ ಬಂತು, ಬಿಸಿಲು ಮಾತ್ರ ಇಳಿಯಿತು. ಅದನ್ನೇ ಆರಿಸಿದೆ. ಬಿಳಿ ಚೆಂಡು ಎರಡು ಸಲ ಉರುಳಿದರೆ ಮಣ್ಣಿನ ಬಣ್ಣವನ್ನೇ ಬಳಿದುಕೊಳ್ಳುತ್ತದೆ, ಆಗ ಯಾವ ಗಾಜೂ ಉಪಯೋಗಕ್ಕಿಲ್ಲ. ಅದಕ್ಕೆ ಗಿಳಿಹಸಿರು ಚೆಂಡು ತರಿಸಿದೆವು. ಹೊಲದಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ.

ಈಗ ಚೆಂಡು ಕಾಣುತ್ತದೆ, ಗುಂಡಿಗೆ ನೆಟ್ಟ ಬಾವುಟವೂ ಕಾಣುತ್ತದೆ. ಕೈಯಲ್ಲಿನ ಅಂಕದ ಚೀಟಿ ಮಾತ್ರ ಕಾಣುವುದಿಲ್ಲ, ಓದುವ ಪವರ್ ಇಲ್ಲವಲ್ಲ. ಗೆಳೆಯನಿಗೆ ಕೊಟ್ಟರೆ ಅವನು ಚೀಟಿಯನ್ನು ಮಾರುದೂರ ಹಿಡಿದು ಅಂದಾಜಿಗೆ ಏನೋ ಗೀಚುತ್ತಾನೆ. ನಮ್ಮಿಬ್ಬರಲ್ಲಿ ಯಾರೂ ಸೋತ ದಾಖಲೆ ಇಲ್ಲ.

ಆ 2,200 ರೂಪಾಯಿಯದ್ದು ಟಿವಿ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಹೆಂಡತಿ ಅದನ್ನು ಕಂಡಾಗಲೆಲ್ಲ ಅದರ ಬೆಲೆ ಹೇಳುತ್ತಿದ್ದಳು. ಒಂದು ದಿನ ಅದು ಅಲ್ಲಿರಲಿಲ್ಲ. ಹುಡುಕುತ್ತಾ ಮಾಳಿಗೆ ಹತ್ತಿದೆ. ಹೊತ್ತು ಹನ್ನೊಂದಾಗಿತ್ತು. ಬಿಳಿ ಪಂಚೆ ಹಾಸಿ ಅದರ ಮೇಲೆ ಸಂಡಿಗೆ ಇಡುತ್ತಿದ್ದಳು. ಆ ಬಿಳುಪಿನ ಮೇಲೆ ಕಣ್ಣು ನಿಲ್ಲುವಂತಿರಲಿಲ್ಲ, ನಾನು ಮೆಟ್ಟಿಲಲ್ಲೇ ಕೈ ಅಡ್ಡ ಹಿಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಸಾಲು ತಪ್ಪದಂತೆ ಒಂದೊಂದೇ ಸಂಡಿಗೆ ಬಿಡುತ್ತಿದ್ದಳು.

ಪಕ್ಕದ ಮಾಳಿಗೆಯಿಂದ ದನಿ ಬಂತು. ‘ಯಾಕಕ್ಕಾ, ಆಪರೇಷನ್ ಆತೇನು?’

ಹೆಂಡತಿ ತಲೆ ಎತ್ತಲಿಲ್ಲ. ‘ಇಲ್ಲವ್ವಾ, ಗಾಲ್ಫು’ ಅಂದಳು.