ಅತ್ತೆಯ ಮೂಡು, ಫ್ರಿಜ್ಜಿನ ಬಾಗಿಲಲ್ಲಿ

ನಾದಿನಿ ಇನ್ನೂ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಫೋನ್ ಎತ್ತಿದ್ರೆ "ಅಮ್ಮನಿಗೆ ಕೊಡಿ ಅತ್ತಿಗೆ" ಅಂತಾಳೆ, ಮುಗೀತು. ಇಷ್ಟಕ್ಕೆಲ್ಲ ಕಾರಣ ನಮ್ಮ ಯಜಮಾನ್ರು ಡಿಸೆಂಬರ್ ಕೊನೇಲಿ ಯಾವುದೋ ಅಮೆರಿಕದ ಸೈಟಿಂದ ಪುಕ್ಕಟೆ ಇಳಿಸಿಕೊಂಡ ಒಂದು ಪಿಡಿಎಫ್ಫು.

ಪ್ರತಿ ಡಿಸೆಂಬರ್ ಇವರಿಗೆ ಈ ಜ್ವರ ಬರುತ್ತೆ. ಪ್ರಿಂಟಬಲ್ ಕ್ಯಾಲೆಂಡರ್, ಪ್ರಿಂಟಬಲ್ ಪ್ಲಾನರ್, ಗ್ರಾಟಿಟ್ಯೂಡ್ ಜರ್ನಲ್, ಹ್ಯಾಬಿಟ್ ಟ್ರ್ಯಾಕರ್, ಎಲ್ಲಾ ತಿಳಿ ಗುಲಾಬಿ ಬಣ್ಣ, ಮೂಲೇಲಿ ಒಂದು ಎಲೆ. ನೀರು ಕುಡಿದ್ರೆ ಬಣ್ಣ ಹಚ್ಚೋಕೆ ಎಂಟು ಪುಟಾಣಿ ಲೋಟದ ಚಿತ್ರ ಬೇರೆ. ನಮ್ಮ ಬೀದಿಲಿ ನಲ್ಲಿ ನೀರು ಬರೋದೇ ದಿನ ಬಿಟ್ಟು ದಿನ, ಅದಕ್ಕೊಂದು ಕಾಲಂ ಇದ್ಯಾ ಅಂತ ಹುಡುಕಿದೆ, ಇಲ್ಲ. ಕೆಲಸದವಳ ರಜೆಗೆ ಇಲ್ಲ, ಗ್ಯಾಸ್ ಬುಕ್ ಮಾಡಿದ ದಿನಕ್ಕೆ ಇಲ್ಲ, ಹೂವಿನವಳ ಬಾಕಿಗೆ ಇಲ್ಲ. "ಮೀ ಟೈಮ್"ಗೆ ಮಾತ್ರ ಅರ್ಧ ಪುಟ ಬಿಟ್ಟಿದಾರೆ.

ಪ್ರಿಂಟ್ ಹಾಕಿಸೋಕೆ ಜೆರಾಕ್ಸ್ ಅಂಗಡಿಗೆ ಹೋದ್ವಿ. ಹುಡುಗ ಪಾಪ ಒಳ್ಳೆಯವನು, "ಫಿಟ್ ಟು ಪೇಜ್ ಕೊಡ್ಲಾ ಸಾರ್" ಅಂದ. ಇವರು "ಬೇಡ, ಆಕ್ಚುಯಲ್ ಸೈಜಲ್ಲೇ ಹಾಕಬೇಕು ಅಂತ ಬರೆದಿದೆ" ಅಂದ್ರು. ಬರೆದಿದ್ದು ಅಮೆರಿಕದವರಿಗೆ. ಅವರ ಲೆಟರ್ ಹಾಳೆ 216 ಮಿಲಿಮೀಟರ್ ಅಗಲ, ನಮ್ಮ ಎ4 ಬರೀ 210. ಡಿಸೈನ್ ಬೇರೆ ಅಂಚಿನ ತನಕ ಇತ್ತು. ಆರು ಮಿಲಿಮೀಟರ್ ಹೋದ್ರೆ ಏನು ಮಹಾ ಅಂತೀರಾ, ಹೋಗಿದ್ದು ಭಾನುವಾರ ಸ್ವಾಮಿ! ಜನವರಿ 4 ಪೂರ್ತಿ ಮಾಯ, 11 ಹೋಗಿ 1 ಆಯ್ತು, 18 ಹೋಗಿ 8, 25 ಹೋಗಿ 5. ಆ ಕಡೆ ಶನಿವಾರಕ್ಕೆ ಬಲಗಡೆ ಗೆರೆನೇ ಇಲ್ಲ. ಹುಡುಗ ಅದನ್ನ ನೋಡಿ "ಶನಿ ಅಷ್ಟು ಬೇಗ ಬಿಡ್ತಾನಾ ಸಾರ್" ಅಂದ. ಕಲರ್ ಪ್ರಿಂಟ್, ಪುಟಕ್ಕೆ ಹತ್ತು ರೂಪಾಯಿ, ದುಡ್ಡು ಕೊಟ್ಟು ತಗೊಂಡು ಬಂದ್ವಿ.

ಮನೆಗೆ ಬಂದವರು ಗೋಡೆ ಮೇಲಿದ್ದ, ಕಣ್ಣಿಗೆ ಹೊಡೆಯೋ ದಪ್ಪ ಅಕ್ಷರದ ಕ್ಯಾಲೆಂಡರ್ ತೆಗೆದು ಇದನ್ನ ನೇತುಹಾಕಿದ್ರು. ಅತ್ತೆ ಕನ್ನಡಕ ಹಾಕ್ಕೊಂಡು ಬಂದು ನಿಂತ್ರು. ಈ ಸಲ ಸಂಕ್ರಾಂತಿ 14ಕ್ಕೋ 15ಕ್ಕೋ ಅಂತ ಊರೆಲ್ಲಾ ಚರ್ಚೆ, ಈ ಕ್ಯಾಲೆಂಡರಿಗೆ ಆ ತಲೆನೋವೇ ಇಲ್ಲ, ಎರಡೂ ಡಬ್ಬ ಖಾಲಿ. ರಾಹುಕಾಲ ಇಲ್ಲ, ಏಕಾದಶಿ ಇಲ್ಲ. "ಅಧಿಕ ಮಾಸ ಎಲ್ಲೋ? ಈ ವರ್ಷ ಅಧಿಕ ಜ್ಯೇಷ್ಠ ಇದೆ, ಹನ್ನೆರಡೇ ಪುಟ ತಂದಿದೀಯ, ಇನ್ನೊಂದು ತಿಂಗಳು ಅಂಗಡಿಲೇ ಬಿಟ್ಟು ಬಂದ್ಯಾ?" ಅಂತ ಕೇಳಿದ್ರು. ಇವರ ಹತ್ರ ಉತ್ತರ ಇರಲಿಲ್ಲ. ಫೆಬ್ರವರಿ 2ರಲ್ಲಿ ಮಾತ್ರ ಒಂದು ಪ್ರಾಣಿ ಚಿತ್ರ ಇತ್ತು, ಗ್ರೌಂಡ್‌ಹಾಗ್ ಡೇ ಅಂತೆ. ಪೆನ್ಸಿಲ್ವೇನಿಯಾದಲ್ಲಿ ಅವತ್ತು ಆ ಪ್ರಾಣಿನ ಬಿಲದಿಂದ ಎಬ್ಬಿಸ್ತಾರಂತೆ, ಅದು ತನ್ನ ನೆರಳು ನೋಡಿದ್ರೆ ಚಳಿ ಇನ್ನೂ ಆರು ವಾರ ಅಂತ ಲೆಕ್ಕ. ಅತ್ತೆಗೆ ಇಡೀ ಕ್ಯಾಲೆಂಡರಲ್ಲಿ ಇಷ್ಟವಾಗಿದ್ದು ಅದೊಂದೇ. "ನೋಡು, ನಮ್ಮ ಪಂಚಾಂಗದಲ್ಲಿ ಹಲ್ಲಿ ಶಕುನ ಇದ್ರೆ ನಗ್ತೀಯ" ಅಂತ ಮಗನಿಗೆ ಹೇಳಿ, ಸೀದಾ ರೂಮಿಗೆ ಹೋಗಿ ಒಂಟಿಕೊಪ್ಪಲ್ ಪಂಚಾಂಗ ತಂದು ಟೀವಿ ಪಕ್ಕ ಇಟ್ರು.

ಇಲ್ಲಿಗೆ ಮುಗಿದಿದ್ರೆ ನಾನು ಬರೀತಾನೇ ಇರಲಿಲ್ಲ. ಕಟ್ಟಲ್ಲಿ ಮೂಡ್ ಟ್ರ್ಯಾಕರ್ ಅಂತ ಒಂದಿತ್ತು. ತಿಂಗಳಿಗೆ 31 ಡಬ್ಬ, ಅವತ್ತಿನ ಮನಸ್ಸು ಹೇಗಿತ್ತೋ ಆ ಬಣ್ಣ ಹಚ್ಚಬೇಕು. ಹಳದಿ ಅಂದ್ರೆ ಖುಷಿ, ಹಸಿರು ಶಾಂತಿ, ನೀಲಿ ಬೇಜಾರು, ಕೆಂಪು ಕೋಪ. ಇದೆಲ್ಲಾ ಕೆಳಗಡೆ ಇರುವೆ ಸೈಜಿನ ಇಂಗ್ಲಿಷಲ್ಲಿತ್ತು. ಇವರು ಮನೆಯವರಿಗೆಲ್ಲಾ ಒಂದೊಂದು ಪ್ರಿಂಟ್ ಹಾಕಿಸಿ ಫ್ರಿಜ್ಜಿಗೆ ಮ್ಯಾಗ್ನೆಟ್ಟಲ್ಲಿ ಅಂಟಿಸಿ, "ಅಮ್ಮಾ, ದಿನಾ ಒಂದು ಡಬ್ಬಕ್ಕೆ ಬಣ್ಣ ಹಚ್ಚು ಸಾಕು" ಅಂತ ಹೇಳಿ ಆಫೀಸಿಗೆ ಹೋದ್ರು. ಪೂರ್ತಿ ವಿವರ ಕೊಡೋದು ಇವರ ಜಾಯಮಾನದಲ್ಲೇ ಇಲ್ಲ.

ಅತ್ತೆ ಅದನ್ನ ರಾಮಕೋಟಿ ಬರೆದ ಹಾಗೆ ನಿಷ್ಠೆಯಿಂದ ಶುರು ಮಾಡಿದ್ರು. ಸ್ನಾನ ಆಯ್ತು, ದೀಪ ಹಚ್ಚಿದ್ದಾಯ್ತು, ನೇರ ಫ್ರಿಜ್ ಹತ್ರ ಬಂದು ಕೆಂಪು ಸ್ಕೆಚ್ ಪೆನ್ನಲ್ಲಿ ಗೆರೆ ದಾಟದ ಹಾಗೆ ಒಂದು ಡಬ್ಬ. ದಿನಾ ಕೆಂಪೇ. ಬೇರೆ ಬಣ್ಣನೂ ಇದೆಯಲ್ಲಾ ಅತ್ತೆ ಅಂದ್ರೆ "ಬೆಳಿಗ್ಗೆ ಬೆಳಿಗ್ಗೆ ಯಾರಾದ್ರೂ ನೀಲಿ ಹಚ್ತಾರೇನೇ, ಕುಂಕುಮದ ಬಣ್ಣ ಶುಭ" ಅಂದ್ರು. ಪುಣೆಯಿಂದ ಮೊಮ್ಮಗ ವೀಡಿಯೋ ಕಾಲ್ ಮಾಡಿದ ದಿನ ಖುಷಿಗೆ ಎರಡು ಕೋಟ್. ನಾನು ಆ ಹಾಳೆ ಓದೋಕೆ ಹೋಗಲಿಲ್ಲ, ಫ್ರಿಜ್ ತೆಗೆಯೋದು ಮೊಸರಿಗೆ, ಸಾಹಿತ್ಯಕ್ಕಲ್ಲ. ನನ್ನ ಹಾಳೆ ಖಾಲಿ ಇದೆ ಅಂತ ಇವರಿಗೆ ಸಂಕಟ ಆಗಿ, ನನ್ನ ಪರವಾಗಿ ಇವರೇ ರಾತ್ರಿ ಕೂತು ದಿನಾ ಹಳದಿ ತುಂಬಿಸ್ತಿದ್ರು. ಕುಕ್ಕರ್ ಸಿಡಿದು ಸಾರೆಲ್ಲಾ ಗೋಡೆಗೆ ಹಾರಿದ ದಿನಾನೂ ನಾನು ಹಳದಿ.

ರಿಪಬ್ಲಿಕ್ ಡೇ ಸೋಮವಾರ ಬಂದಿದ್ರಿಂದ ಸಾಲು ರಜೆ, ಶನಿವಾರ ಶಿವಮೊಗ್ಗದಿಂದ ನಾದಿನಿ ಬಂದ್ಲು. ಬ್ಯಾಗ್ ಇಟ್ಟು ನೀರು ಕುಡಿಯೋಕೆ ಫ್ರಿಜ್ ಹತ್ರ ಹೋದವಳು ಅಲ್ಲೇ ನಿಂತಳು. ಅವಳಿಗೆ ಕಣ್ಣು ಚುರುಕು, ಕೆಳಗಿನ ಇರುವೆ ಅಕ್ಷರ ಓದಿದಾಳೆ. ತನ್ನ ಅಮ್ಮ ವರ್ಷದ ಮೊದಲನೇ ದಿನದಿಂದ ಒಂದು ದಿನವೂ ಬಿಡದೆ ಕೋಪದಲ್ಲಿ ಕುದೀತಿದಾರೆ, ಪಕ್ಕದಲ್ಲೇ ಸೊಸೆ ಅಷ್ಟೂ ದಿನ ಪರಮಾನಂದದಲ್ಲಿದಾಳೆ. ನನ್ನನ್ನ ಒಂದು ಮಾತು ಕೇಳಬಾರದಾ? ಮೊದಲು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ಲು. ಕಾಫಿ ಸೋಸೋ ಅಷ್ಟರಲ್ಲಿ ಹುಬ್ಬಳ್ಳಿ ಚಿಕ್ಕಮ್ಮನ ಫೋನು, "ಮನೇಲಿ ಎಲ್ಲಾ ಸರಿ ಇದೆ ತಾನೇ?"

"ಅಮ್ಮಾ, ನಿಜ ಹೇಳು, ಏನಾಗಿದೆ?"

"ಏನಾಗಬೇಕು? ಬಣ್ಣ ಚೆನ್ನಾಗಿಲ್ವಾ?"

"ನೋಡಿ ಅತ್ತಿಗೆ, ಬಾಯಿಬಿಟ್ಟು ಹೇಳೋಕೂ ಹೆದರ್ತಿದಾಳೆ!"

ಇವರು ಆಗಲಾದ್ರೂ ಬಾಯಿ ಬಿಡಬೇಕಲ್ವಾ, ಆ ಹಳದಿ ಹಚ್ಚಿದ್ದು ನಾನೇ ಅಂತ? "ಏನೇ ಆಗ್ಲಿ, ಡೇಟಾ ಇಟ್ಟಿದ್ರೆ ಒಳ್ಳೇದು ನೋಡು" ಅಂದ್ಕೊಂಡು ಪೇಪರ್ ತಗೊಂಡು ಹೊರಗೆ ಕೂತ್ರು. ಮಾರನೇ ದಿನ ರಥಸಪ್ತಮಿ, ಎಲ್ಲರೂ ಎಕ್ಕದ ಎಲೆ ಇಟ್ಕೊಂಡು ಸ್ನಾನ ಮಾಡಿದ್ವಿ, ನಾದಿನಿ ಎಲೆ ಕೊಡುವಾಗಲೂ ನನ್ನ ಮುಖ ನೋಡಲಿಲ್ಲ.

ಅವತ್ತೇ ಮಧ್ಯಾಹ್ನ ಅಮ್ಮ ಮಗಳು ಅಟ್ಟದಿಂದ ಏನೋ ಇಳಿಸುವಾಗ 2015ರ ಕ್ಯಾಲೆಂಡರ್ ಸಿಕ್ತು. 2026ಕ್ಕೂ ಅದಕ್ಕೂ ವಾರ ತಾರೀಖು ಎಲ್ಲಾ ಒಂದೇ, ಎರಡೂ ವರ್ಷ ಗುರುವಾರಕ್ಕೆ ಶುರು. ಮಾವ ಇದ್ದಾಗಿನದು. ಡಬ್ಬ ಡಬ್ಬದಲ್ಲಿ ಅವರ ಸಣ್ಣ ಅಕ್ಷರ: ಹಾಲು ಅರ್ಧ ಲೀಟರ್, ಗ್ಯಾಸ್ ಬಂತು, ಪೇಪರ್ ಹಾಕಿಲ್ಲ. ಹಾಲು ಜಾಸ್ತಿ ತಗೊಂಡ ದಿನಗಳಲ್ಲಿ ಅತ್ತೆ ಬೆರಳಿಟ್ಟು, ಅವತ್ತು ಯಾರು ಬಂದಿದ್ರು, ಏನು ಅಡುಗೆ ಮಾಡಿದ್ದೆ, ಎಲ್ಲಾ ಹೇಳ್ತಾ ಹೋದ್ರು. ಆಗಸ್ಟಿನ ಒಂದು ಡಬ್ಬದಲ್ಲಿ ಬರೀ "ಮಳೆ" ಅಂತಿತ್ತು. ಅದು ಯಾವ ಮಳೆ ಅಂತ ಅತ್ತೆಗೂ ಗೊತ್ತಾಗಲಿಲ್ಲ, ಸ್ವಲ್ಪ ಹೊತ್ತು ಅದರ ಮೇಲೇ ಕೈ ಇಟ್ಕೊಂಡಿದ್ರು. ಆಮೇಲೆ "ಅವತ್ತೂ ಅಧಿಕ ಮಾಸ ಇತ್ತು, ಅಧಿಕ ಆಷಾಢ" ಅಂದ್ರು. ಇವರು "ಅರೆ, ಇದನ್ನೇ ಸ್ಕ್ಯಾನ್ ಮಾಡಿಸಿ ಪ್ರಿಂಟ್..." ಅಂತ ಬಾಯಿ ತೆಗೆದ್ರು, ನಾನು ಒಂದು ನೋಟ ಬಿಟ್ಟೆ, ನಿಲ್ಲಿಸಿದ್ರು.

ನಿಲ್ಲಿಸಿದ್ರು ಅಂದ್ಕೊಂಡಿದ್ದೆ. ನಿನ್ನೆ ಸಂಜೆ ಫೆಬ್ರವರಿಗೆ ಅಂತ ಮೀಲ್ ಪ್ಲಾನರ್ ಪ್ರಿಂಟ್ ಹಾಕಿಸಿಕೊಂಡು ಬಂದಿದಾರೆ, ಈ ಸಲ ಫಿಟ್ ಟು ಪೇಜ್. "ದಿನಾ ರಾತ್ರಿ ಏನು ಅಂತ ಮೊದಲೇ ಬರೆದಿಟ್ರೆ ನಿಂಗೇ ಟೆನ್ಶನ್ ಕಡಿಮೆ" ಅಂತೆ. ಈ ಫೆಬ್ರವರಿ ಭಾನುವಾರಕ್ಕೆ ಶುರುವಾಗಿ ಶನಿವಾರಕ್ಕೆ ಮುಗಿಯುತ್ತೆ, ನಾಲ್ಕು ಸಾಲು, 28 ಡಬ್ಬ, ಒಂದೂ ವೇಸ್ಟ್ ಇಲ್ಲ. ಪೆನ್ನು ತಗೊಂಡು 28ಕ್ಕೂ ಉಪ್ಪಿಟ್ಟು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಇವರು ಒಂದು ಸಲ ಫ್ರಿಜ್ ನೋಡಿದ್ರು, ಒಂದು ಸಲ ಅವರಮ್ಮನ ಮುಖ ನೋಡಿದ್ರು.

ಅತ್ತೆ ಪಂಚಾಂಗ ತಿರುವಿ ಹಾಕ್ತಾ, "13ಕ್ಕೂ 27ಕ್ಕೂ ಏಕಾದಶಿ ಇದೆ ಕಣೇ. ಪರವಾಗಿಲ್ಲ, ಉಪ್ಪಿಟ್ಟು ನಡೆಯುತ್ತೆ, ಈರುಳ್ಳಿ ಹಾಕ್ಬೇಡ ಅಷ್ಟೇ" ಅಂದ್ರು.